ಗುಜರಿಗೆ ಹೊರಟ ಸೈರನ್ನಿಗೆ ಮರುಜೀವ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ. ಹವ್ಯಾಸವೆಂದರೆ ಇಷ್ಟೇ ಎಂದುಕೊಂಡವರಿಗೆ ಅಮೆರಿಕದ ಕೆಲವರ ಗೀಳು ವಿಚಿತ್ರವಾಗಿ ಕಂಡೀತು. ಊರಿಗೆ ಅಪಾಯ ಬಂದಾಗ ಕೂಗಿ ಜನರನ್ನು ಎಚ್ಚರಿಸುತ್ತಿದ್ದ, ಈಗ ಸೇವೆಯಿಂದ ನಿವೃತ್ತವಾಗಿರುವ ದೊಡ್ಡ ಸೈರನ್‌ಗಳನ್ನು ಅವರು ಕೊಂಡು ತರುತ್ತಾರೆ. ಮನೆಯ ಗ್ಯಾರೇಜಿನಲ್ಲಿಟ್ಟು ತಿಂಗಳುಗಟ್ಟಲೆ ತುಕ್ಕು ಕೆರೆದು, ಬೇರಿಂಗು ಬದಲಿಸಿ, ಬಣ್ಣ ಬಳಿದು ಮತ್ತೆ ತಿರುಗುವಂತೆ ಮಾಡುತ್ತಾರೆ. ಹೈಸ್ಕೂಲು ಹುಡುಗರೂ ಇವರಲ್ಲಿದ್ದಾರೆ, ಕೆಲಸದಿಂದ ನಿವೃತ್ತರಾದ ಅಜ್ಜಂದಿರೂ ಇದ್ದಾರೆ.

ಈ ಸೈರನ್‌ಗಳಲ್ಲಿ ಹಲವು ಶೀತಲ ಸಮರದ ಕಾಲದವು. ಸೋವಿಯತ್ ಬಾಂಬರ್ ವಿಮಾನಗಳು ಯಾವ ಗಳಿಗೆಯಲ್ಲಾದರೂ ಬಂದಾವು ಎಂಬ ಭಯದಲ್ಲಿ 1950ರ ದಶಕದ ಅಮೆರಿಕ ಊರೂರಿಗೆ ಸೈರನ್ ಹಾಕಿಸಿತು. ಹವ್ಯಾಸಿಗಳು ಇಂದಿಗೂ ಬೆನ್ನುಹತ್ತುವ ‘ಥಂಡರ್‌ಬೋಲ್ಟ್’ ಮಾರುಕಟ್ಟೆಗೆ ಬಂದದ್ದು 1952ರಲ್ಲಿ. ಅದೇ ವರ್ಷ ಕ್ರೈಸ್ಲರ್ ಮೋಟಾರು ಕಂಪನಿ ಹೊರತಂದ ಸೈರನ್ ಅಂತೂ ದೈತ್ಯ. ಹನ್ನೆರಡು ಅಡಿ ಉದ್ದ, ಸುಮಾರು 3 ಟನ್ ತೂಕ, ಅದನ್ನು ತಿರುಗಿಸಲು 180 ಅಶ್ವಶಕ್ತಿಯ ವಿ-8 ಎಂಜಿನ್! ನೂರು ಅಡಿ ದೂರದಲ್ಲಿ ನಿಂತರೂ 138 ಡೆಸಿಬೆಲ್ ಸದ್ದು. ಆದರೆ ಬಾಂಬರ್‌ಗಳು ಬರಲಿಲ್ಲ. ಈ ಯಂತ್ರಗಳಲ್ಲಿ ಎಷ್ಟೋ ಸುಂಟರಗಾಳಿಯ ಎಚ್ಚರಿಕೆ ಕೊಡುವ ಕೆಲಸದಲ್ಲೇ ಮುಪ್ಪಾದವು. ಆ ಕೆಲಸ ಚಿಕ್ಕದೇನಲ್ಲ. 1974ರ ಏಪ್ರಿಲ್ 3ರಂದು ಒಹಾಯೋ ರಾಜ್ಯದ ಝೀನಿಯಾ ಪಟ್ಟಣಕ್ಕೆ ಸುಂಟರಗಾಳಿ ಬಡಿದಾಗ ಅಲ್ಲಿ ಎಚ್ಚರಿಕೆಯ ಸೈರನ್ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಸೈರನ್ ಬಂದದ್ದು ಆಮೇಲೆ.

ಈಗ ಇವುಗಳ ಜಾಗಕ್ಕೆ ಬ್ಯಾಟರಿಯಿಂದಲೂ ನಡೆಯುವ ಎಲೆಕ್ಟ್ರಾನಿಕ್ ಸೈರನ್‌ಗಳು ಬರುತ್ತಿವೆ. ಹಳೆಯದಕ್ಕೆ ಬಿಡಿಭಾಗ ಸಿಗುವುದು ಕಷ್ಟ. ಹೀಗಾಗಿ ನಗರಾಡಳಿತಗಳು ಅವನ್ನು ಹರಾಜು ಹಾಕುತ್ತವೆ, ಇಲ್ಲವೇ ಗುಜರಿಗೆ ಕಳಿಸುತ್ತವೆ. ಹವ್ಯಾಸಿಗಳು ಕಾದು ಕೂರುವುದು ಈ ಹಂತಕ್ಕೆ. ಎಷ್ಟೋ ಸಲ ಸೈರನ್ನಿನ ಬೆಲೆಗಿಂತ ಅದನ್ನು ಕಂಬದಿಂದ ಇಳಿಸುವ ಖರ್ಚೇ ಹೆಚ್ಚು. ಕ್ರೇನು ಬೇಕು, ಲಾರಿ ಬೇಕು, ವಿದ್ಯುತ್ ಸಂಪರ್ಕ ಕಡಿಯಲು ಅಧಿಕೃತ ಕೆಲಸಗಾರ ಬೇಕು. ಮದುವೆಗಿಂತ ದಿಬ್ಬಣದ ಖರ್ಚೇ ದೊಡ್ಡದಾದಂತೆ! ಅನುಭವಿಗಳು ಹೊಸಬರಿಗೆ ಹೇಳುವ ಬುದ್ಧಿಮಾತು, ಮೊದಲ ಸೈರನ್ ಸಣ್ಣದಿರಲಿ ಎಂಬುದು. 2 ಅಶ್ವಶಕ್ತಿಯ ಮೋಟಾರಿರುವ ಸಾಧಾರಣ ಸೈರನ್ ಕಲಿಯಲು ಸಾಕಾದೀತು.

ಸೈರನ್ ಮನೆಗೆ ಬಂದ ಕೂಡಲೇ ಸ್ಪ್ಯಾನರ್ ಹಿಡಿದು ಬಿಚ್ಚತೊಡಗುವವರು ಮುಂದೆ ಪರದಾಡುತ್ತಾರೆ. ಮೊದಲ ಕೆಲಸ ನೋಡುವುದು. ಎಲ್ಲ ದಿಕ್ಕಿನಿಂದಲೂ ಫೋಟೊ ತೆಗೆದು, ಯಾವ ಭಾಗ ಯಾವುದಕ್ಕೆ ಕೂಡುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಚ್ಚಿದ ಪ್ರತಿ ನಟ್ಟು ಬೋಲ್ಟನ್ನು ಚೀಟಿ ಅಂಟಿಸಿದ ಪೊಟ್ಟಣದಲ್ಲಿಡಬೇಕು. ಒಳಗೆ ಹಕ್ಕಿಗೂಡು, ಕಣಜದ ಗೂಡು, ಹತ್ತಾರು ವರ್ಷದ ಕಸ ಇರುವುದು ಮಾಮೂಲು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಉಂಟು. ಅದನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಮುಖಕ್ಕೆ ತಕ್ಕ ಮುಸುಕು ಹಾಕಿಕೊಂಡು, ತೇವ ಮಾಡಿ ಕೆರೆಯಬೇಕು. ಸಣ್ಣ ಮಕ್ಕಳನ್ನು ಆ ಜಾಗಕ್ಕೇ ಬಿಡಬಾರದು.

ಆಮೇಲಿನದು ತಾಳ್ಮೆಯ ಪರೀಕ್ಷೆ. ಸೈರನ್ನಿನ ಮುಖ್ಯ ಭಾಗಗಳು ಎರಡೇ. ಕಿಂಡಿಗಳಿರುವ ಒಂದು ಚಕ್ರ ಒಳಗೆ ತಿರುಗುತ್ತದೆ. ಅದನ್ನು ಸುತ್ತಿಕೊಂಡು, ಅಷ್ಟೇ ಕಿಂಡಿಗಳಿರುವ ಒಂದು ಬಳೆ ಅಲುಗಾಡದೆ ನಿಂತಿರುತ್ತದೆ. ಎರಡರ ನಡುವಿನ ಸಂದು ಬಲು ಕಿರಿದು. ತುಕ್ಕು ಹಿಡಿದು ಚಕ್ರ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಬಡಿದು ಬಿಡಿಸಹೋಗುವುದು ಮೂರ್ಖತನ. ಎರಕದ ಚಕ್ರ ಸೀಳಿತೆಂದರೆ ಅದೇ ಅಳತೆಯ ಇನ್ನೊಂದು ಎಲ್ಲಿಂದ ತರುವುದು? ತುಕ್ಕು ಸಡಿಲಿಸುವ ಎಣ್ಣೆ ಹನಿಸಿ, ದಿನಗಟ್ಟಲೆ ಕಾದು, ಕೈಯಿಂದ ಕೂದಲೆಳೆಯಷ್ಟು ಆಚೀಚೆ ಅಲುಗಿಸುತ್ತ ಬಿಡಿಸಬೇಕು. ಬೇರಿಂಗು ಹೊಸದು ಹಾಕಿದ ಮೇಲೆ ಚಕ್ರ ಎಲ್ಲೂ ಉಜ್ಜದೆ ತಿರುಗುವುದೇ ಎಂದು ಕೈಯಲ್ಲೇ ತಿರುಗಿಸಿ ಪರೀಕ್ಷಿಸಬೇಕು. ಚಕ್ರದ ಒಂದು ಕಡೆ ಬಣ್ಣ ದಪ್ಪವಾದರೂ ಸಮತೂಕ ತಪ್ಪಿ ಇಡೀ ಯಂತ್ರ ನಡುಗೀತು.

ಮೋಟಾರಿನ ಸುರುಳಿಗಳ ನಿರೋಧಕ ಪದರ ಸರಿಯಿದೆಯೇ ಎಂದು ಮೆಗ್ಗರ್‌ನಿಂದ ಅಳೆಯದೆ ಕರೆಂಟು ಕೊಡುವಂತಿಲ್ಲ. ದೊಡ್ಡ ಸೈರನ್‌ಗಳಲ್ಲಿ ಬಹಳಷ್ಟು ತ್ರೀಫೇಸ್‌ನವು. ಅಮೆರಿಕದ ಮನೆಗಳಿಗೆ ಬರುವುದು ಸಿಂಗಲ್ ಫೇಸ್. ತ್ರೀಫೇಸ್ ಯಾವಾಗ ಬಂದೀತೆಂದು ರಾತ್ರಿಯೆಲ್ಲ ಪಂಪ್‌ಸೆಟ್ ಬಳಿ ಕಾಯುವ ನಮ್ಮ ರೈತನಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ! ಸಿಂಗಲ್ ಫೇಸನ್ನು ತ್ರೀಫೇಸ್ ಆಗಿಸಿ ಕೊಡುವ ವಿ.ಎಫ್.ಡಿ. ಎಂಬ ಪೆಟ್ಟಿಗೆ ಇಲ್ಲಿ ನೆರವಿಗೆ ಬರುತ್ತದೆ. ಮೋಟಾರಿನ ವೇಗವನ್ನೂ ಅದರಿಂದ ಬೇಕಾದಂತೆ ಇಳಿಸಬಹುದು. ಈ ಹಂತದ ಕೆಲಸ ಹುಡುಗರು ಒಬ್ಬರೇ ಮಾಡುವಂಥದ್ದಲ್ಲ, ಬಲ್ಲ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲೇಬೇಕು.

ಇನ್ನು ಕೂಗಿನ ಗುಟ್ಟು. ಚಕ್ರ ತಿರುಗುವಾಗ ಗಾಳಿಯನ್ನು ಒಳಗೆಳೆದುಕೊಂಡು ಹೊರಕ್ಕೆ ದೂಡುತ್ತದೆ. ಕಿಂಡಿಗೆ ಕಿಂಡಿ ಎದುರಾದಾಗ ಗಾಳಿ ಹೊರಚಿಮ್ಮುತ್ತದೆ, ಸರಿದಾಗ ತಡೆಯುತ್ತದೆ. ಸೆಕೆಂಡಿಗೆ ಇಂಥ ನೂರಾರು ಚಿಮ್ಮುಗಳೇ ನಾದ. ಕಿಂಡಿಗಳ ಸಂಖ್ಯೆಯನ್ನು ಸೆಕೆಂಡಿಗೆ ಎಷ್ಟು ಸುತ್ತು ಎಂಬುದರಿಂದ ಗುಣಿಸಿದರೆ ಸ್ವರದ ಆವೃತ್ತಿ ಸಿಗುತ್ತದೆ. ಮೋಟಾರು ನಿಮಿಷಕ್ಕೆ 3450 ಸುತ್ತು ತಿರುಗಿದರೆ ಸೆಕೆಂಡಿಗೆ 57.5 ಸುತ್ತು. ಹತ್ತು ಕಿಂಡಿಗಳಿದ್ದರೆ 575 ಹರ್ಟ್ಸ್. ಅದೇ ಮೋಟಾರಿನ ಇನ್ನೊಂದು ಚಕ್ರಕ್ಕೆ ಹನ್ನೆರಡು ಕಿಂಡಿಗಳಿದ್ದರೆ 690 ಹರ್ಟ್ಸ್. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಜನರನ್ನು ನೆಲಮಾಳಿಗೆಗೆ ಓಡಿಸಿದ ಸೈರನ್‌ಗಳದ್ದೂ ಇದೇ ಹತ್ತು-ಹನ್ನೆರಡರ ಲೆಕ್ಕ. ಸಂಗೀತ ಕಲಿಯುವ ಮಕ್ಕಳಿಗೆ ಇದು ಪರಿಚಿತವೇ. 5ಕ್ಕೆ 6ರ ಈ ಅನುಪಾತ, ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರ. ಖರಹರಪ್ರಿಯದಲ್ಲಿ ಬರುವ ಗಾಂಧಾರ ಅದೇ.

ಇನ್ನೊಂದು ತಮಾಷೆಯಿದೆ. ಅಮೆರಿಕದ ವಿದ್ಯುತ್ತು 60 ಹರ್ಟ್ಸಿನದು, ನಮ್ಮದು 50. ಅದೇ ಸೈರನ್ನನ್ನು ಮೈಸೂರಿಗೆ ತಂದು ನಮ್ಮ ಕರೆಂಟಿನಲ್ಲಿ ತಿರುಗಿಸಿದರೆ ವೇಗ ಇಳಿದು, ಗಾಂಧಾರ ಹಾಡಬೇಕಾದ ಚಕ್ರ ಹೆಚ್ಚುಕಡಿಮೆ ಷಡ್ಜಕ್ಕೇ ಬಂದು ನಿಂತೀತು!

ಇದನ್ನು ಕೇಳಲು ಅಮೆರಿಕಕ್ಕೆ ಹೋಗಬೇಕಿಲ್ಲ. ಗಟ್ಟಿ ರಟ್ಟಿನಲ್ಲಿ ಅಂಗೈಯಗಲದ ಬಿಲ್ಲೆ ಕತ್ತರಿಸಿ, ಅದರ ಮೇಲೆ ಎರಡು ವೃತ್ತ ಎಳೆದು, ಹೊರವೃತ್ತದಲ್ಲಿ 30 ಡಿಗ್ರಿಗೊಂದರಂತೆ ಹನ್ನೆರಡು, ಒಳವೃತ್ತದಲ್ಲಿ 36 ಡಿಗ್ರಿಗೊಂದರಂತೆ ಹತ್ತು ತೂತು ಕೊರೆಯಿರಿ. ಬ್ಯಾಟರಿಯ ಪುಟ್ಟ ಮೋಟಾರಿಗೆ ಸಿಕ್ಕಿಸಿ ತಿರುಗಿಸುತ್ತ, ಪಾನೀಯ ಹೀರುವ ಕೊಳವೆಯಿಂದ ಮೊದಲು ಒಂದು ವೃತ್ತದ ಮೇಲೆ, ಆಮೇಲೆ ಇನ್ನೊಂದರ ಮೇಲೆ ಊದಿ ನೋಡಿ. ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ 1819ರಲ್ಲಿ ತೂತಿನ ಬಿಲ್ಲೆಯಿಂದಲೇ ಇಂಥ ಪ್ರಯೋಗ ಮಾಡಿದ್ದ. ಅವನ ಯಂತ್ರ ನೀರಿನೊಳಗೂ ಹಾಡಿತು. ಅದಕ್ಕೇ ಗ್ರೀಕ್ ಪುರಾಣದ, ನಾವಿಕರನ್ನು ಹಾಡಿ ಸೆಳೆಯುವ ಸೈರನ್‌ಗಳ ಹೆಸರನ್ನು ಅದಕ್ಕಿಟ್ಟ.

ದೊಡ್ಡ ಸೈರನ್ ಸಿದ್ಧವಾದ ಮೇಲೆ ಹವ್ಯಾಸಿಗೆ ನಿಜವಾದ ತೊಡಕು ಎದುರಾಗುತ್ತದೆ. ಅಷ್ಟು ತಿಂಗಳ ದುಡಿಮೆ ಕೂಗನ್ನು ಕೇಳುವುದಕ್ಕೇ ಅಲ್ಲವೇ? ಆದರೆ ಕೂಗಿಸುವಂತಿಲ್ಲ. ಥಂಡರ್‌ಬೋಲ್ಟ್ ನೂರು ಅಡಿಯಾಚೆ 125 ಡೆಸಿಬೆಲ್ ಆಸುಪಾಸಿನಲ್ಲಿ ಅರಚುತ್ತದೆ, ಹತ್ತಿರ ನಿಂತವನ ಕಿವಿಗೆ ಶಾಶ್ವತ ಹಾನಿಯಾದೀತು. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಕೂಗಿಗೆ ಊರಿನಲ್ಲಿ ಒಂದು ಅರ್ಥವಿದೆ. 2017ರ ಏಪ್ರಿಲ್ 7ರ ನಡುರಾತ್ರಿ ಯಾರೋ ಕಿಡಿಗೇಡಿಗಳು ಡಲ್ಲಾಸ್ ನಗರದ 156 ಸೈರನ್‌ಗಳನ್ನೂ ಒಟ್ಟಿಗೆ ಕೂಗಿಸಿದರು. ಸುಮಾರು ಒಂದೂವರೆ ಗಂಟೆ ಗೋಳು. ನಿಜವಾದ ಅಪಾಯದಲ್ಲಿದ್ದವರೂ ಕರೆ ಮಾಡಬೇಕಾದ 911 ಸಂಖ್ಯೆಗೆ ಆ ರಾತ್ರಿ 4,400 ಕರೆ ಬಂದವು. 2011ರಲ್ಲಿ ಸುಂಟರಗಾಳಿ ಜಾಪ್ಲಿನ್ ಪಟ್ಟಣದಲ್ಲಿ 158 ಜನರನ್ನು ಕೊಂದಾಗ ಸೈರನ್ ಕೂಗಿತ್ತು. ಪದೇ ಪದೇ ಕೇಳಿ ಅಭ್ಯಾಸವಾಗಿದ್ದ ಎಷ್ಟೋ ಜನ ಮೊದಲ ಕೂಗಿಗೆ ಕದಲಲೇ ಇಲ್ಲವೆಂದು ತನಿಖಾ ವರದಿ ಹೇಳಿತು. 2025ರ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರವೂ, ಜನಜಾಗೃತಿಗಲ್ಲದೆ ಬೇರೆ ಕಾರ್ಯಕ್ರಮಗಳಲ್ಲಿ ನಾಗರಿಕ ರಕ್ಷಣೆಯ ಸೈರನ್ ಸದ್ದನ್ನು ಬಳಸಬೇಡಿ ಎಂದು ಟಿ.ವಿ. ವಾಹಿನಿಗಳಿಗೆ ಸೂಚಿಸಿತ್ತು. ಕಾರಣ ಇದೇ.

ಆದ್ದರಿಂದ ತಿಳಿದ ಹವ್ಯಾಸಿಗಳು ಗ್ಯಾರೇಜಿನಲ್ಲಿ ವೇಗವನ್ನು ಕಾಲುಭಾಗಕ್ಕೆ ಇಳಿಸಿ ತಿರುಗಿಸುತ್ತಾರೆ. ಆಗ ಸ್ವರ ಎರಡು ಸ್ಥಾಯಿ ಕೆಳಗಿಳಿದು ಗುರುಗುಟ್ಟುವಂತಿರುತ್ತದೆ, ಸದ್ದೂ ಬಲು ಕಡಿಮೆ. ಪೂರ್ಣವೇಗದ ಪರೀಕ್ಷೆಗೆ ಊರಾಚೆಯ ಬಯಲು, ನಡುಹಗಲು. ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ, ಸುತ್ತಲಿನ ಮನೆಗಳಿಗೆ ದಿನ ಮುಂಚೆಯೇ ತಿಳಿಸಿರುತ್ತಾರೆ. ಆಕಾಶದಲ್ಲಿ ಮೋಡ ಕಟ್ಟಿದ್ದರೆ ಮುಂದೂಡುತ್ತಾರೆ. ಕಿವಿಗೆ ದಪ್ಪ ಮುಚ್ಚಳ ಹಾಕಿ, ತಂತಿ ಹಾಯುವಷ್ಟು ದೂರ ಹೋಗಿ ಸ್ವಿಚ್ಚು ಒತ್ತಿ, ಹತ್ತು ಹದಿನೈದು ಸೆಕೆಂಡಿಗೆ ಆರಿಸಿಬಿಡುತ್ತಾರೆ. ಭಾರದ ಚಕ್ರ ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಕೂಗು ಇಳಿಯುತ್ತ ಇಳಿಯುತ್ತ ಬರೀ ಗಾಳಿಯ ಸದ್ದಾಗುತ್ತದೆ. ನೆರೆಯವರ ನಾಯಿಗಳನ್ನು ಆ ಹೊತ್ತಿಗೆ ಒಳಗೆ ಕೂಡಿಹಾಕುವಂತೆ ಹೇಳುವುದನ್ನೂ ಅವರು ಮರೆಯುವುದಿಲ್ಲ.