‘ನಿಜ ಘಟನೆ ಆಧಾರಿತ’ – ಯಾರ ನಿಜ?



ಸಿನಿಮಾ ಶುರುವಾಗೋ ಮೊದಲು ಕಪ್ಪು ಪರದೆ ಮೇಲೆ ಒಂದು ಸಾಲು ಬರುತ್ತದೆ: ‘ನಿಜ ಘಟನೆ ಆಧಾರಿತ’. ಆ ಸಾಲು ಕಂಡ ತಕ್ಷಣ ನಾವು ನೆಟ್ಟಗೆ ಕೂರುತ್ತೇವೆ. ಇದು ಕಟ್ಟುಕತೆ ಅಲ್ಲ, ನಡೆದದ್ದು ಅಂತ ನಂಬುತ್ತೇವೆ. ಸಾಕ್ಷ್ಯಚಿತ್ರ ಅಂದರಂತೂ ಇನ್ನೂ ಹೆಚ್ಚು ನಂಬುತ್ತೇವೆ. ನಂಬುವುದರಲ್ಲಿ ತಪ್ಪಿಲ್ಲ. ಆದರೆ ಆ ನಿಜ ಯಾರದು, ಅದನ್ನು ಹೇಳುತ್ತಿರೋರು ಯಾರು, ಯಾರಿಗೋಸ್ಕರ ಹೇಳುತ್ತಿದ್ದಾರೆ ಎಂದು ಕೇಳದೆ ನಂಬಿದರೆ ನಮ್ಮ ಕತೆ ನಮ್ಮ ಕೈ ಬಿಟ್ಟುಹೋಗುತ್ತದೆ.

ಸಿನಿಮಾ ನಾಟಕ ಎಲ್ಲ ಹೊಟ್ಟೆ ತುಂಬಿದೋರ ಕೆಲಸ, ನೀವು ಮೊದಲು ಪರೀಕ್ಷೆ ಪಾಸು ಮಾಡ್ರಪ್ಪ ಅಂತ ಬುದ್ಧಿ ಹೇಳುವ ಹಿರಿಯರಿದ್ದಾರೆ. ಪರೀಕ್ಷೆ ಪಾಸು ಮಾಡಲೇಬೇಕು. ಆದರೆ 2020ರಲ್ಲಿ ನಡೆದದ್ದನ್ನು ನೆನಪು ಮಾಡಿಕೊಳ್ಳಿ. ಆ ವರ್ಷದ ಜುಲೈನಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ಮಹಾನಾಯಕ’ ಧಾರಾವಾಹಿ ಶುರುವಾಯಿತು. ಹಿಂದಿಯಿಂದ ಡಬ್ ಆಗಿ ಬಂದ ಬಾಬಾಸಾಹೇಬರ ಜೀವನ. ಕೇರಿ ಕೇರಿಗಳಲ್ಲಿ ಹುಡುಗರು ಫ್ಲೆಕ್ಸ್ ಕಟ್ಟಿದರು. ಸಿನಿಮಾ ನಟನಿಗೆ ಕಟ್ಟುವ ಹಾಗೆ ಬಾಬಾಸಾಹೇಬರಿಗೆ ಕಟ್ಟಿದರು. ಧಾರಾವಾಹಿ ನಿಲ್ಲಿಸಿ ಅಂತ ಬೆದರಿಕೆ ಕರೆಗಳು ಬಂದವೆಂದು ವಾಹಿನಿಯ ಮುಖ್ಯಸ್ಥರೇ ಹೇಳಿದರು. ಬರೀ ಟೀವಿ ಕತೆ ಆಗಿದ್ದರೆ ಯಾರಿಗೆ ಯಾಕೆ ಉರಿ ಹತ್ತಬೇಕಿತ್ತು? ನೀರು ಮುಟ್ಟಿಸದ ಶಾಲೆಯ ಕತೆ ದಿನಾ ನಡುಮನೆಯೊಳಗೆ ಬಂದು ಕೂತದ್ದೇ ಕೆಲವರಿಗೆ ತಡೆಯದೆ ಹೋಯಿತು. ಕತೆಯ ಶಕ್ತಿ ನಮಗಿಂತ ಮೊದಲು ಅವರಿಗೆ ಗೊತ್ತು.

ಈಗ ಕೋರ್ಟಿನ ಕಡೆ ನೋಡೋಣ. ನಮ್ಮ ನಿಜ ಅಲ್ಲಿ ಏನಾಗುತ್ತದೆ ಅನ್ನೋದು ತಿಳಿಯದಿದ್ದರೆ ನಮಗೆ ನಾಟಕ ಯಾಕೆ ಬೇಕು, ಸಾಕ್ಷ್ಯಚಿತ್ರ ಯಾಕೆ ಬೇಕು ಅನ್ನೋದು ತಿಳಿಯುವುದಿಲ್ಲ.

1968ರ ಡಿಸೆಂಬರ್ 25. ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್ವೆಣ್ಮಣಿ. ಕೂಲಿ ಭತ್ತ ಸ್ವಲ್ಪ ಜಾಸ್ತಿ ಕೇಳಿದ್ದಕ್ಕೆ 44 ಜನರನ್ನು ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಪ್ರಾಣ ಉಳಿಸಿಕೊಳ್ಳಲು ಒಂದು ಗುಡಿಸಲಲ್ಲಿ ಸೇರಿಕೊಂಡಿದ್ದವರು. ಕೆಳಗಿನ ಕೋರ್ಟು ಜಮೀನ್ದಾರರಿಗೆ ಶಿಕ್ಷೆ ಕೊಟ್ಟಿತು, ಮದ್ರಾಸ್ ಹೈಕೋರ್ಟು ಬಿಟ್ಟುಬಿಟ್ಟಿತು. ಇಷ್ಟು ದೊಡ್ಡ ಶ್ರೀಮಂತರು ತಾವೇ ನಡೆದುಹೋಗಿ ಗುಡಿಸಲಿಗೆ ಬೆಂಕಿ ಇಟ್ಟರೆಂದು ನಂಬುವುದು ಕಷ್ಟ ಅನ್ನೋ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಅದು ತಮಿಳುನಾಡು ಅನ್ನುತ್ತೀರಾ? 2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ವಿಚಾರಣೆಯಲ್ಲಿ ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ. ಬೆಂಕಿ ತಾನಾಗಿ ಹತ್ತಿಕೊಂಡಿತೆ?

ಸಾಕ್ಷಿ ಯಾಕೆ ತಿರುಗಿ ಬೀಳುತ್ತಾನೆ ಅನ್ನೋದನ್ನು ಹಾಸ್ಟೆಲಿನಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೂಲಿ ಅವರ ಹೊಲದಲ್ಲಿ, ಸಾಲ ಅವರ ಹತ್ತಿರ, ಓಡಾಡುವ ದಾರಿ ಅವರ ಮನೆ ಮುಂದೆ. ಕೋರ್ಟಿನಿಂದ ಸಂಜೆ ಅದೇ ಊರಿಗೆ ವಾಪಸು ಬರಬೇಕು. ಅಂಥ ಸಾಕ್ಷಿ ಬಾಯಿ ಮುಚ್ಚಿದಾಗ ನಿಜ ಎಲ್ಲಿ ಉಳಿಯಬೇಕು? ಹಾಡಿನಲ್ಲಿ, ನಾಟಕದಲ್ಲಿ, ಚಿತ್ರದಲ್ಲಿ ಉಳಿಯಬೇಕು. ಸಾಕ್ಷ್ಯಚಿತ್ರ ಅನ್ನೋ ನಮ್ಮ ಕನ್ನಡದ ಮಾತಿನಲ್ಲೇ ಸಾಕ್ಷ್ಯ ಇದೆ.

1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನ ಬಡವರನ್ನು ಗುಂಡಿಕ್ಕಿ ಸುಟ್ಟರು. ಹೆಚ್ಚಿನವರು ದಲಿತರು. ಬೆಲ್ಚಿ ಎಲ್ಲಿದೆ ಅಂತ ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿತ್ತು? ಸಮುದಾಯ ತಂಡದವರು ಸಿಜಿಕೆಯವರ ‘ಬೆಲ್ಚಿ’ ಬೀದಿನಾಟಕವನ್ನು ಊರೂರಿಗೆ ಒಯ್ದು ಆಡಿದರು. ರಂಗಮಂಚ ಇಲ್ಲ, ಟಿಕೀಟು ಇಲ್ಲ. ಪೇಪರು ಓದಲು ಬಾರದ ಕೂಲಿಯಾಳು ಸಂತೆಯಲ್ಲಿ ನಿಂತು ನೋಡಿ, ಇದು ನಮ್ಮೂರ ಗೌಡನ ಕತೆಯಲ್ಲವಾ ಅಂದುಕೊಳ್ಳುವ ಹಾಗಾಯಿತು. ನಿಜ ಘಟನೆಯ ನಾಟಕ ಮಾಡಬೇಕಾದ ಕೆಲಸ ಇದೇ. ದೂರದ ಸಾವನ್ನು ಹತ್ತಿರ ತಂದು, ಇಲ್ಲೂ ಹೀಗೇ ಇದೆ ನೋಡು ಅಂತ ತೋರಿಸುವುದು.

ಸಾಕ್ಷಿಯ ಕೆಲಸ ಅಂದಮೇಲೆ ಸಾಕ್ಷಿಯನ್ನು ಪರೀಕ್ಷೆ ಮಾಡುವ ಹಾಗೆ ಇವನ್ನೂ ಪರೀಕ್ಷೆ ಮಾಡಬೇಕು. ನಾವು ಮೂರು ಪ್ರಶ್ನೆ ಇಡುತ್ತೇವೆ.

ಒಂದನೆಯದು: ಕತೆಯ ನಡುವೆ ನಿಂತಿರೋರು ಯಾರು?

2021ರಲ್ಲಿ ತಮಿಳಿನ ‘ಜೈ ಭೀಮ್’ ಬಂತು. ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಅದರ ಹಿಂದೆ 1993ರ ನಿಜ ಪ್ರಕರಣ ಇದೆ. ಕಳ್ಳತನದ ಆರೋಪ ಹೊರಿಸಿ ಪೊಲೀಸರು ಒಯ್ದ ರಾಜಾಕಣ್ಣು ಲಾಕಪ್ಪಿನಲ್ಲಿ ಸತ್ತ. ಓಡಿಹೋದ ಅಂತ ಪೊಲೀಸರು ಕತೆ ಕಟ್ಟಿದರು. ಅವನ ಹೆಂಡತಿ ಬಿಡಲಿಲ್ಲ. ವಕೀಲ ಚಂದ್ರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದರು, ಮುಂದೆ ಪೊಲೀಸರಿಗೆ ಶಿಕ್ಷೆಯಾಯಿತು. ಲಾಕಪ್ಪಿನ ಹಿಂಸೆಯನ್ನು ಮನೆಮನೆಗೆ ಮುಟ್ಟಿಸಿದ ಚಿತ್ರ ಅದು. ಆ ಕೆಲಸಕ್ಕೆ ನಮ್ಮ ಗೌರವ ಇದೆ. ಆದರೆ ನಿಜದ ರಾಜಾಕಣ್ಣು ಕುರವರ್ ಜಾತಿಯವನು, ಸಿನಿಮಾದಲ್ಲಿ ಇರುಳರ್ ಆಗಿದ್ದಾನೆ. ಇರುಳರ ಪಾಡು ಕಡಿಮೆಯದೇನಲ್ಲ. ಆದರೂ ಬ್ರಿಟಿಷರು ಹುಟ್ಟುಗಳ್ಳರು ಅಂತ ಪಟ್ಟಿಗೆ ಬರೆದ ಜಾತಿಗಳಲ್ಲಿ ಕುರವರೂ ಒಬ್ಬರು. ಊರಲ್ಲಿ ಕಳುವಾದರೆ ಮೊದಲು ಇವರನ್ನೇ ಎಳೆದೊಯ್ಯುವುದಕ್ಕೆ ಆ ಪಟ್ಟಿಯ ಚರಿತ್ರೆ ಬೆನ್ನಿಗಿದೆ. ಜಾತಿಯ ಹೆಸರು ಬದಲಾದರೆ ಆ ಚರಿತ್ರೆ ಮಸುಕಾಗುತ್ತದೆ. ಇನ್ನೊಂದು ಮಾತು: ಚಿತ್ರ ನೋಡಿ ಹೊರಬಂದ ನಮ್ಮ ಹುಡುಗರಿಗೆ ನೆನಪಿರೋದು ಕರಿ ಕೋಟಿನ ಹೀರೋ. ಗಂಡನ ಹೆಣವೂ ಕೈಗೆ ಸಿಗದ ಹೆಂಗಸು ವರ್ಷಗಟ್ಟಲೆ ಮಣಿಯದೆ ನಿಂತದ್ದು ಎಷ್ಟು ಜನಕ್ಕೆ ನೆನಪಿದೆ?

2019ರ ಹಿಂದಿ ಚಿತ್ರ ‘ಆರ್ಟಿಕಲ್ 15’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂವಿಧಾನದ ಕಲಮಿನ ಹೆಸರು ನಮ್ಮದು, ಸಾಯೋ ಹುಡುಗಿಯರು ನಮ್ಮವರು, ನ್ಯಾಯ ಕೊಡಿಸುವವನು ಮಾತ್ರ ಬ್ರಾಹ್ಮಣ ಪೊಲೀಸ್ ಅಧಿಕಾರಿ. ದಲಿತ ಹೋರಾಟಗಾರ ನಡುವಿನಲ್ಲೇ ಸಾಯುತ್ತಾನೆ. ನಮಗೆ ಅಳೋ ಪಾತ್ರ, ಅವರಿಗೆ ಉದ್ಧಾರ ಮಾಡೋ ಪಾತ್ರ. ಈ ಹಂಚಿಕೆ ಹಳೇದು.

ಎರಡನೆಯದು: ಕತೆ ಯಾರದೋ ಅವರನ್ನು ಕೇಳಿದರಾ?

1994ರ ‘ಬ್ಯಾಂಡಿಟ್ ಕ್ವೀನ್’ ಇದು ನಿಜ ಕತೆ ಅಂತ ಸಾರಿಕೊಂಡೇ ಬಂತು. ಕತೆಯ ಒಡತಿ ಫೂಲನ್ ದೇವಿ ಬದುಕಿದ್ದರು, ಆಗ ತಾನೇ ಜೈಲಿನಿಂದ ಹೊರಬಂದಿದ್ದರು. ಇದು ನನ್ನ ಬದುಕಲ್ಲ ಅಂತ ದಿಲ್ಲಿ ಹೈಕೋರ್ಟಿಗೆ ಹೋದರು. ಬದುಕಿರುವ ಹೆಣ್ಣಿನ ಮೇಲಾದ ಅತ್ಯಾಚಾರವನ್ನು ಅವಳ ಒಪ್ಪಿಗೆ ಇಲ್ಲದೆ ತೆರೆ ಮೇಲೆ ಮತ್ತೆ ಆಡಿಸಲು ಯಾರಿಗೆ ಹಕ್ಕಿದೆ ಅಂತ ಅರುಂಧತಿ ರಾಯ್ ಆಗ ಬರೆದರು. ಕೊನೆಗೆ ಪರಿಹಾರದ ಹಣಕ್ಕೆ ಒಪ್ಪಿ ಫೂಲನ್ ಕೇಸು ಬಿಟ್ಟರು. ಕೇಸು ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ದೊಡ್ಡ ಜಾತಿಯ ಹೆಣ್ಣಾಗಿದ್ದರೆ ಈ ಧೈರ್ಯ ಬರುತ್ತಿತ್ತೆ?

ಸಾಕ್ಷ್ಯಚಿತ್ರದಲ್ಲಿ ಹೀಗಾಗುವುದಿಲ್ಲ, ಅಲ್ಲಿ ಇರೋರೆಲ್ಲ ನಿಜವಾದ ಜನ ಅಂತ ನೀವು ಹೇಳಬಹುದು. ‘ಖಬರ್ ಲಹರಿಯಾ’ ಅಂತ ಪತ್ರಿಕೆ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಶುರುಮಾಡಿದ್ದು, ಅವರಲ್ಲಿ ದಲಿತ ಹೆಣ್ಣುಮಕ್ಕಳು ಬಹಳ. ಅವರ ಮೇಲೆ ತೆಗೆದ ‘ರೈಟಿಂಗ್ ವಿತ್ ಫೈರ್’ 2022ರಲ್ಲಿ ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋಯಿತು. ಇಡೀ ದೇಶ ಚಪ್ಪಾಳೆ ಹೊಡೆಯುತ್ತಿದ್ದಾಗ ಆ ಪತ್ರಿಕೆಯವರೇ ಹೇಳಿಕೆ ಕೊಟ್ಟರು: ಚಿತ್ರ ಚೆನ್ನಾಗಿದೆ, ಆದರೆ ನಮ್ಮನ್ನು ಒಂದೇ ಪಕ್ಷದ ಹಿಂದೆ ಬಿದ್ದವರ ಹಾಗೆ ತೋರಿಸಿದೆ, ನಮ್ಮ ಕೆಲಸ ಅಷ್ಟೇ ಅಲ್ಲ ಅಂತ. ತೆಗೆದವರಿಗೆ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಎಷ್ಟೋ ದಿನಗಳ ಚಿತ್ರೀಕರಣದಲ್ಲಿ ಒಂದೂವರೆ ಗಂಟೆ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತಾರೆ. ಕತ್ತರಿ ಯಾರ ಕೈಲಿದೆಯೋ ಅವರು ಆರಿಸಿದ್ದೇ ನಿಜ ಆಗುತ್ತದೆ.

ಮೂರನೆಯದು: ನಿಜಕ್ಕಾಗಿ ಎಷ್ಟು ದುಡಿದರು, ಆಮೇಲೆ ಆ ಜನದ ಹತ್ತಿರ ವಾಪಸು ಹೋದರಾ?

1997ರ ಜುಲೈ 11. ಮುಂಬೈನ ಘಾಟ್‌ಕೋಪರ್, ರಮಾಬಾಯಿ ನಗರ. ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಕಂಡು ಜನ ಬೀದಿಗೆ ಬಂದರು. ಪೊಲೀಸರು ಗುಂಡು ಹಾರಿಸಿ ಹತ್ತು ಜನರನ್ನು ಕೊಂದರು. ಗ್ಯಾಸ್ ಟ್ಯಾಂಕರಿಗೆ ಬೆಂಕಿ ಇಡಲು ಬಂದಿದ್ದರು, ಅದಕ್ಕೇ ಗುಂಡು ಹಾರಿಸಬೇಕಾಯಿತು ಅಂತ ಕಾರಣ ಹೇಳಿದರು. ಕೆಲವೇ ದಿನದಲ್ಲಿ ಹಾಡುಗಾರ ವಿಲಾಸ್ ಘೋಗ್ರೆ ನೇಣು ಹಾಕಿಕೊಂಡರು. ಆನಂದ್ ಪಟವರ್ಧನ್ ಈ ಎಳೆ ಹಿಡಿದು ಹೊರಟು 14 ವರ್ಷ ಚಿತ್ರ ತೆಗೆದರು. ಟ್ಯಾಂಕರ್ ಎಲ್ಲಿತ್ತು, ಗುಂಡು ಬಿದ್ದದ್ದು ಎಲ್ಲಿ ಅನ್ನೋದನ್ನು ಬಿಡಿಸಿ ಬಿಡಿಸಿ ತೋರಿಸಿ ಪೊಲೀಸರ ಕತೆ ನಿಲ್ಲುವುದಿಲ್ಲ ಅಂತ ಕಾಣಿಸಿದರು. ಅದೇ ‘ಜೈ ಭೀಮ್ ಕಾಮ್ರೇಡ್’. ಅದನ್ನು ಮುಂಬೈನ ಚಾಳುಗಳಿಗೂ ಬಸ್ತಿಗಳಿಗೂ ಒಯ್ದು ತೋರಿಸಿದರು. ಪಟವರ್ಧನ್ ನಮ್ಮ ಜಾತಿಯಲ್ಲಿ ಹುಟ್ಟಿದವರಲ್ಲ. ಹಾಗಾಗಿ ನಮ್ಮ ತಕರಾರು ಹುಟ್ಟಿನ ಮೇಲಲ್ಲ, ದುಡಿಮೆಯ ಮೇಲೆ. ಎರಡು ದಿನ ಬಂದು ಕಣ್ಣೀರು ತುಂಬಿಕೊಂಡು ಹೋಗುವವರ ಕ್ಯಾಮೆರಾಕ್ಕೂ 14 ವರ್ಷ ಜೊತೆಗೆ ನಡೆದ ಕ್ಯಾಮೆರಾಕ್ಕೂ ವ್ಯತ್ಯಾಸ ಇದೆ.

ಹೀಗೆ ನಿಜ ಹೇಳಹೊರಟವರನ್ನು ಸರ್ಕಾರ ಸುಮ್ಮನೆ ಬಿಡುವುದಿಲ್ಲ. 2017ರಲ್ಲಿ ದಿವ್ಯಭಾರತಿ ಎಂಬ ಹೆಣ್ಣುಮಗಳು ತಮಿಳುನಾಡಿನ ಮಲ ಬಾಚುವವರ ಮೇಲೆ ‘ಕಕ್ಕೂಸ್’ ಸಾಕ್ಷ್ಯಚಿತ್ರ ಮಾಡಿದಾಗ ಪ್ರದರ್ಶನ ತಡೆದರು, ಆಕೆಯ ಮೇಲೇ ಕೇಸು ಹಾಕಿದರು. 2013ರ ಕಾಯ್ದೆಯಲ್ಲಿ ನಿಷೇಧ ಆಗಿರೋದು ಮಲ ಹೊರಿಸುವ ಕೆಲಸ. ಪೊಲೀಸರಿಗೆ ಕಂಡದ್ದು ಅದನ್ನು ತೋರಿಸಿದವಳ ತಪ್ಪು. 2025ರಲ್ಲಿ ‘ಫುಲೆ’ ಸಿನಿಮಾದಲ್ಲಿ ಮಹಾರ್, ಮಾಂಗ್, ಪೇಶ್ವಾಯಿ ಅನ್ನೋ ಮಾತುಗಳಿಗೆ ಸೆನ್ಸಾರ್ ಮಂಡಳಿ ಕತ್ತರಿ ಹಾಕಹೊರಟಿತು, ಬಿಡುಗಡೆ ಎರಡು ವಾರ ಮುಂದಕ್ಕೆ ಹೋಯಿತು. ಪೇಶ್ವೆಗಳನ್ನು ಬಿಟ್ಟು ಫುಲೆಯ ಕತೆ ಹೇಳುವುದು ಅಂದರೆ ರೋಗದ ಹೆಸರೆತ್ತದೆ ಮದ್ದು ಹಂಚಿದ ಹಾಗೆ.

ಇದೆಲ್ಲ ಎಲ್ಲೋ ದೂರದ್ದು ಅಂದುಕೊಳ್ಳಬೇಡಿ. 2012ರ ಮಾರ್ಚ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಪತ್ರಿಕೋದ್ಯಮ ಓದುತ್ತಿದ್ದ ಕುತ್ಲೂರಿನ ಮಲೆಕುಡಿಯ ಹುಡುಗನನ್ನು ನಕ್ಸಲ್ ನಂಟಿನ ಆರೋಪದ ಮೇಲೆ ಹಿಡಿದರು. ಅಪ್ಪನನ್ನೂ ಹಿಡಿದರು. ಯುಎಪಿಎ ಹಾಕಿದರು. ಸಿಕ್ಕ ವಸ್ತುಗಳಲ್ಲಿ ಭಗತ್ ಸಿಂಗನ ಪುಸ್ತಕ, ಪೇಪರಿನ ತುಣುಕುಗಳು. ಹುಡುಗ ಕೈಕೋಳದಲ್ಲೇ ಪರೀಕ್ಷೆ ಬರೆದ. 2021ರ ಅಕ್ಟೋಬರಿನಲ್ಲಿ ಕೋರ್ಟು ಅಪ್ಪ ಮಗ ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಒಂಬತ್ತೂವರೆ ವರ್ಷ! ಇದನ್ನು ಆಧರಿಸಿ ಮಂಸೋರೆ 2023ರಲ್ಲಿ ಕನ್ನಡದಲ್ಲೇ ‘19.20.21’ ಚಿತ್ರ ಮಾಡಿದರು. ಹೆಸರಿನ ಮೂರು ಅಂಕಿ ಸಂವಿಧಾನದ ಮೂರು ಕಲಮುಗಳು. ನಿಮ್ಮ ಹಾಸ್ಟೆಲಿನ ಟ್ರಂಕಿನಲ್ಲೂ ಪುಸ್ತಕ ಇದೆ. ಈ ಚಿತ್ರವನ್ನು ಹಾಸ್ಟೆಲಿನಲ್ಲಿ ಕೂತು ಒಟ್ಟಿಗೆ ನೋಡಿ, ಆಮೇಲೆ ಆ ಮೂರೂ ಕಲಮು ತೆಗೆದು ಜೋರಾಗಿ ಓದಿ.

ಇನ್ನು ನಿಮ್ಮ ಕೆಲಸ.

ನಿಮ್ಮ ಕೈಲಿ ಮೊಬೈಲಿದೆ, ಬರೆಯಲು ಅಕ್ಷರ ಇದೆ. ನಿಮ್ಮ ಅಪ್ಪ ಅವ್ವನಿಗೆ ಎರಡೂ ಇರಲಿಲ್ಲ. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ನಡೆದದ್ದನ್ನು ಕೇಳಿ ಬರೆದುಕೊಳ್ಳಿ. ಬಾವಿ ಗಲಾಟೆ, ದೇವಸ್ಥಾನದ ಗಲಾಟೆ, ಹೋಟೆಲಿನ ಬೇರೆ ಲೋಟ, ಕಿತ್ತುಕೊಂಡ ಜಮೀನು. ತಾರೀಕು ಹಾಕಿ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಬಿಟ್ಟಿಯಾಗಿ ಕೊಡಬೇಕೆಂದು ಕಾನೂನಿದೆ, ಇಸಿದುಕೊಳ್ಳಿ, ಜೋಪಾನ ಮಾಡಿ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಮು ಈ ಪ್ರಕರಣಗಳ ನಡಾವಳಿಯನ್ನೆಲ್ಲ ವಿಡಿಯೋ ಮಾಡಬೇಕು ಅನ್ನುತ್ತದೆ. ಕಾನೂನೇ ಒಂದು ಸಾಕ್ಷ್ಯಚಿತ್ರ ತೆಗೆಯಿರಿ ಅಂತ ಹೇಳಿದೆ. ತೆಗೆಯುತ್ತಿದ್ದಾರಾ ಅಂತ ವಕೀಲರ ಮೂಲಕ ಕೇಳಿಸಿ. ಸಾಕ್ಷಿಯನ್ನು ಹೆದರಿಸುವವರಿಗೆ ಕ್ಯಾಮೆರಾ ಕಂಡರೆ ಸ್ವಲ್ಪವಾದರೂ ಅಳುಕು ಇರುತ್ತದೆ.

ಬರೆದದ್ದನ್ನು ನಾಟಕ ಮಾಡಿ. ಆದರೆ ಯಾರ ಕತೆಯೋ ಅವರನ್ನು ಕೇಳಿ ಮಾಡಿ. ಬೇಡ ಅಂದರೆ ಬಿಡಿ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಹೆಸರು, ಊರು, ಗುರುತು ಎಲ್ಲೂ ಬರಬಾರದು. ಕಾನೂನೂ ಒಪ್ಪುವುದಿಲ್ಲ, ಮನುಷ್ಯತ್ವವೂ ಒಪ್ಪುವುದಿಲ್ಲ. ಚಪ್ಪಾಳೆ ಗಿಟ್ಟಿಸಲು ನಡೆಯದ್ದನ್ನು ಸೇರಿಸಬೇಡಿ. ನೀವು ಒಂದು ಸುಳ್ಳು ಸೇರಿಸಿದರೆ ಸಾಕು, ಇವರದ್ದೆಲ್ಲ ಇಷ್ಟೇ ಅಂತ ಹತ್ತು ನಿಜಗಳನ್ನು ಒಟ್ಟಿಗೆ ಹೂಳಲು ಊರ ಗೌಡರು ಕಾಯುತ್ತಾ ಕೂತಿದ್ದಾರೆ. ಮೊದಲ ಪ್ರದರ್ಶನ ಪಟ್ಟಣದ ಕಲಾಕ್ಷೇತ್ರದಲ್ಲಿ ಬೇಡ, ಅದೇ ಕೇರಿಯಲ್ಲಿ ಆಗಲಿ. ಹೀಗಲ್ಲ ಮಗ, ಅವತ್ತು ಆಗಿದ್ದು ಹಿಂಗೆ ಅಂತ ಒಬ್ಬ ಅಜ್ಜಿ ಎದ್ದು ತಿದ್ದಿದರೆ ಅವತ್ತೇ ನಾಟಕ ತಿದ್ದಿ.

ಕಂಬಾಲಪಲ್ಲಿಯ ಏಳು ಜನರನ್ನು ಕೊಂದವರು ಯಾರೆಂದು ಕೋರ್ಟಿನ ಕಡತ ಹೇಳಲಿಲ್ಲ. ಮುಂದಿನ ಕಂಬಾಲಪಲ್ಲಿಗೆ ಸಾಕ್ಷಿ ಇಲ್ಲ ಅನ್ನೋ ಮಾತು ಬರಬಾರದು. ಈ ಬೇಸಿಗೆ ರಜೆಯಲ್ಲಿ ಪ್ರತಿ ಹಾಸ್ಟೆಲಿನಿಂದ ಒಂದೊಂದು ತಂಡ, ಒಂದೊಂದು ಊರು, ಒಂದೊಂದು ನೋಟುಬುಕ್ಕು. ಶುರು ಮಾಡಿ.

ಜೈ ಭೀಮ್.