ಗೋದಾಮಿನವರಿಗೂ ಸನ್ಮಾನ ಸಲ್ಲಲಿ

ಗಣೇಶ ಚೌತಿಗೆ ಊರಿಗೆ ಹೋಗಿ ಮರಳುವ ನಮ್ಮ ಹೋಟೆಲು ಬಂಧುಗಳು ತರುವ ವಾರ್ತೆಗಳಲ್ಲಿ ಊರಿನ ವ್ಯವಸಾಯ ಸೇವಾ ಸಹಕಾರಿ ಸಂಘದ ಮಹಾಸಭೆಯ ವಾರ್ತೆಯೂ ಒಂದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಈ ಸಭೆಗಳು ಸಾಮಾನ್ಯವಾಗಿ ಸಪ್ಟಂಬರ ತಿಂಗಳಲ್ಲಿ ಜರಗುವುವು. ಜಮಾಖರ್ಚು ಮಂಜೂರಾಗಿ, ಡಿವಿಡೆಂಡು ಸಾರಿದ ತರುವಾಯ ಶಾಲು, ಹಾರ, ಫಲತಾಂಬೂಲಗಳ ಸಮಾರಂಭ. ಸನ್ಮಾನಿತರ ಯಾದಿಯಲ್ಲಿ ಮಾಜಿ ಅಧ್ಯಕ್ಷರಿರುವರು, ದೊಡ್ಡ ಠೇವಣಿದಾರರಿರುವರು, ರಾಜಕೀಯ ಮುಖಂಡರಂತೂ ಇದ್ದೇ ಇರುವರು. ಗೋದಾಮಿನಲ್ಲಿ ಗೊಬ್ಬರದ ಮೂಟೆ ಹೊತ್ತವನ ಹೆಸರು ಅದರಲ್ಲಿ ದೊರೆಯುವುದು ಅಪರೂಪ.

ಈ ಜನರ ಕೆಲಸ ಎಂತಹದೆಂಬುದನ್ನು ಕೃಷಿಕರ ಮಕ್ಕಳಾದ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಅಡಿಕೆಗೆ ಕೊಳೆರೋಗ ತಗಲದಂತೆ ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆಷಾಢದಲ್ಲಿ ಬಂದು ಬಿದ್ದ ಮೈಲುತುತ್ತಿನಿಂದ ಆ ಮೊದಲ ಸಿಂಪಡಣೆ ಆದೀತೇ? ಮೇ ತಿಂಗಳ ಕೊನೆಗೆ ಲಾರಿ ಬಂದ ರಾತ್ರಿಯೇ ಮಾಲು ಇಳಿಸಿಕೊಂಡು, ಆದಿತ್ಯವಾರವೂ ಬಾಗಿಲು ತೆರೆದು ಹಂಚುವ ಗುಮಾಸ್ತನಿಂದ ಒಂದು ವರ್ಷದ ಫಸಲು ಉಳಿಯುವುದು. 2018ರಿಂದ ರಸಗೊಬ್ಬರದ ಮಾರಾಟಕ್ಕೆ ಯಂತ್ರದ ಮೇಲೆ ಹೆಬ್ಬೆರಳು ಒತ್ತುವ ಕ್ರಮ ಬಂದಿದೆ. ಹಾರೆ ಹಿಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ತಿಳಿಯದು. ಮುದುಕರ ಬೆರಳನ್ನು ಒರಸಿ, ಮತ್ತೆ ಮತ್ತೆ ಒತ್ತಿಸಿ, ಬೇಸರಿಸದೆ ಗೊಬ್ಬರ ಕೊಟ್ಟು ಕಳುಹುವವನೂ ಅದೇ ಗುಮಾಸ್ತ. ಯೂರಿಯಾದ ಅಭಾವ ತಲೆದೋರಿದಾಗ ನಿಗದಿಯಾದ ಬೆಲೆಗಿಂತ ಒಂದು ಕಾಸು ಹೆಚ್ಚು ಪಡೆಯದೆ, ನಿರ್ದೇಶಕರ ಅಳಿಯನಿಗೂ ಸಾಲು ತಪ್ಪಿಸದೆ ಹಂಚುವುದಕ್ಕೆ ಇನ್ನೂ ಹೆಚ್ಚಿನ ಎದೆಗಾರಿಕೆ ಬೇಕು.

ಸರಕು ಒದಗಿಸುವವರ ಮಾತೂ ಹೀಗೆಯೇ. ನೀಲಿ ಚೀಟಿಯ ಪ್ರಮಾಣಿತ ಬತ್ತದ ಬೀಜದಲ್ಲಿ ನೂರಕ್ಕೆ ಎಂಬತ್ತಾದರೂ ಮೊಳೆಯಬೇಕೆಂದು ನಿಯಮವಿದೆ. ಮೊಳೆಯದಿದ್ದರೆ ಚೀಲದ ಹಣ ಹಿಂದೆ ಬಂದೀತು, ಕಳೆದ ಹಂಗಾಮು ಬಾರದು. ದೂರು ಬಂದೊಡನೆ ತಾನೇ ಗದ್ದೆಗೆ ಬಂದು ನೋಡಿ, ಬೇರೆ ಬೀಜ ತಂದಿಳಿಸುವ ವರ್ತಕನು ಗೌರವಾರ್ಹನಲ್ಲವೇ?

ಇದನ್ನು ಬರೆಯುವಾಗ ನಮ್ಮದೇ ತಪ್ಪೊಂದು ನೆನಪಾಗುತ್ತದೆ. 2005ರ ಜುಲೈ 26ರ ಮಹಾಮಳೆಯ ಮರುದಿನ, ರೈಲುಗಳು ನಿಂತಿದ್ದಾಗ, ಹಾಲಿನ ಭೈಯಾ ಒಬ್ಬನು ಕ್ಯಾನು ಹೊತ್ತು ಮೊಣಕಾಲ ನೀರಿನಲ್ಲಿ ನಡೆದು, ನಾವು ಗಲ್ಲೆಯಲ್ಲಿ ಕುಳಿತಿದ್ದ ಹೋಟೆಲಿಗೆ ಬಂದಿದ್ದನು. ಅಂದು ಚಹ ಕುಡಿದವರು ನಮ್ಮ ಹೋಟೆಲನ್ನು ಹೊಗಳಿದರು. ವರ್ಷಗಳ ಮೇಲೆ ನಾವೇ ಮಾಲಕರಾಗಿ ಸಮಾರಂಭ ನಡೆಸಿದಾಗ ಆತನನ್ನು ಕರೆಯಬೇಕೆಂದು ನಮಗೆ ತೋಚಲೇ ಇಲ್ಲ.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸಿದ್ಧನಗೌಡ ಪಾಟೀಲರನ್ನೂ, ನಮ್ಮ ಜಿಲ್ಲೆಯ ಮೊಳಹಳ್ಳಿ ಶಿವರಾಯರನ್ನೂ ನಾಡು ಸ್ಮರಿಸುತ್ತಿರುವುದು ಯುಕ್ತವೇ. ಆದರೆ ಅಂತಹ ಸಂಘಗಳ ಮೊದಲ ಲೆಕ್ಕ ಬರೆದ ಗುಮಾಸ್ತರು ಯಾರೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಒಬ್ಬನಿಗೆ ಶಾಲು ಹೊದಿಸಿದರೆ ಹತ್ತು ಮಂದಿಗೆ ಅಸಮಾಧಾನವಾಗುವುದೆಂದು ಕೆಲವು ಕಾರ್ಯದರ್ಶಿಗಳು ಆಕ್ಷೇಪಿಸುವರು. ಆಯ್ಕೆ ಗುಟ್ಟಿನಲ್ಲಿ ನಡೆದರೆ ಹಾಗಾಗುವುದು ಸಹಜ. ದಾಸ್ತಾನು ಪುಸ್ತಕ, ದೂರಿನ ಪುಸ್ತಕಗಳನ್ನು ಮುಂದಿಟ್ಟುಕೊಂಡು ಸದಸ್ಯರೇ ಆರಿಸಲಿ. ವರ್ತಕರ ವಿಷಯದಲ್ಲಂತೂ ಆಯ್ಕೆ ಆಡಳಿತ ಮಂಡಳಿಯ ಕೈಯಲ್ಲಿರಕೂಡದು. ನಿರ್ದೇಶಕರಿಗೆ ಉಡುಗೊರೆ ಕೊಟ್ಟು ಪ್ರವಾಸಕ್ಕೆ ಕರೆದೊಯ್ದವನೇ ಉತ್ತಮ ವರ್ತಕನೆನಿಸಿಕೊಂಡಾನು. ಇನ್ನೊಂದು ಮಾತು. ಹಂಗಾಮಿ ಎಂದು ಹತ್ತು ವರ್ಷ ದುಡಿಸಿದ ಹಮಾಲಿಗೆ ಶಾಲು ಹೊದಿಸಿ ಕೈತೊಳೆದುಕೊಳ್ಳುವುದನ್ನು ನಾವು ಸನ್ಮಾನವೆಂದು ಕರೆಯಲಾರೆವು. ಅವನ ಹುದ್ದೆ ಖಾಯಂ ಆಗಲಿ, ಭವಿಷ್ಯನಿಧಿ ತುಂಬಲಿ, ಶಾಲು ಅದರ ಮೇಲೆ ಬರಲಿ. ಹೋಟೆಲು ಕಾರ್ಮಿಕರಾದ ನಮ್ಮ ವಾಚಕರು ಈ ಮಾತಿನ ಅರ್ಥವನ್ನು ನಮಗಿಂತ ಚೆನ್ನಾಗಿ ಬಲ್ಲರು.

ನವಂಬರ 14ರಿಂದ 20ರ ತನಕ ಸಹಕಾರಿ ಸಪ್ತಾಹ. ಸಂಘಗಳು ಆಗಲೇ ಈ ಕ್ರಮವನ್ನು ಆರಂಭಿಸಬಹುದು. ಮುಂಬಯಿಯಿಂದ ನೀವು ಕಳುಹುವ ಹಣದಲ್ಲಿ ಸ್ವಲ್ಪ ಪಾಲು ಆ ಸಂಘದ ಗೊಬ್ಬರಕ್ಕೇ ಹೋಗುತ್ತಿರುವುದರಿಂದ ಕೇಳುವ ಹಕ್ಕು ನಿಮಗೂ ಇದೆ. ನಿಮ್ಮ ಹೆಸರೋ ತಂದೆಯವರ ಹೆಸರೋ ಸದಸ್ಯರ ಪಟ್ಟಿಯಲ್ಲಿದ್ದರೆ, ನೀವು ಕಂಡ ಒಬ್ಬ ಪ್ರಾಮಾಣಿಕ ನೌಕರನ ಹೆಸರನ್ನು ಕಾರಣಸಹಿತವಾಗಿ ಅಧ್ಯಕ್ಷರಿಗೆ ಬರೆದು ಕಳುಹಿರಿ. ಸಂಘದ ವಿಳಾಸ ಮನೆಯಲ್ಲಿರುವ ಗೊಬ್ಬರದ ರಶೀದಿಯ ಮೇಲೆಯೇ ಇರುವುದು.