ಗಾಲಿಗೂ ಒಂದು ಕರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರಿಗೆ ಓಟ ಅಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಕಕ್ಯಪದವಿನ ಸತ್ಯ-ಧರ್ಮ, ವೇಣೂರಿನ ಸೂರ್ಯ-ಚಂದ್ರ, ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳಗಳ ಬದಿಯಲ್ಲಿ ನಿದ್ದೆಗೆಟ್ಟು ನಿಂತವರು ನಾವು. ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕೆಸರಿನಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಆ ಅಂಕಿ ಎಲ್ಲರ ಬಾಯಲ್ಲಿತ್ತು. ಓಡುವವನಿಗಾಗಿ ಗದ್ದೆಗೆ ನೀರು ಕಟ್ಟುತ್ತೇವೆ, ಮಣ್ಣು ಹದ ಮಾಡುತ್ತೇವೆ. ಗಾಲಿಕುರ್ಚಿಯಲ್ಲಿ ಕೂತ ಮಗುವಿಗೆ ನಾವು ಬಿಟ್ಟುಕೊಟ್ಟ ಕರೆ ಯಾವುದು?

ಗಾಲಿಕುರ್ಚಿ ಓಟಗಾರ್ತಿ ಮಾಲತಿ ಹೊಳ್ಳರನ್ನು ನೆನೆಯಿರಿ. ಹುಟ್ಟಿದ್ದು 1958ರಲ್ಲಿ. ವರ್ಷ ತುಂಬಿದ ಹೊತ್ತಿಗೆ ಬಂದ ಜ್ವರ, ಪೋಲಿಯೋ. ವಿದ್ಯುತ್ ಶಾಕ್ ಚಿಕಿತ್ಸೆಯಿಂದ ಸೊಂಟದ ಮೇಲ್ಭಾಗಕ್ಕೆ ಬಲ ಬಂತು; ಕೆಳಗೆ ಬರಲಿಲ್ಲ. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದರು. ಮರುವರ್ಷ ಡೆನ್ಮಾರ್ಕಿನಲ್ಲಿ 200 ಮೀಟರ್ ಓಟದ ಚಿನ್ನ, ಜೊತೆಗೆ ಗುಂಡು, ಚಕ್ರ, ಭರ್ಜಿ ಎಸೆತಗಳಲ್ಲೂ ಚಿನ್ನ. ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಆಮೇಲೆ ಬೆಂಗಳೂರಿನ ಮಾತೃ ಪ್ರತಿಷ್ಠಾನದಲ್ಲಿ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಅವರನ್ನು ಛಲಗಾತಿ ಎಂದು ಹೊಗಳಿ ನಾವು ಕೈತೊಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಛಲ ಇತ್ತು, ನಿಜ. ಅದರ ಜೊತೆಗೆ ಓಡಲು ಸಮತಟ್ಟಾದ ಮೈದಾನವಿತ್ತು, ನಮ್ಮ ಕರಾವಳಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಸಂಬಳವಿತ್ತು.

ಬೆಳ್ತಂಗಡಿ ತಾಲೂಕಿನ ಒಂದು ಜಗಲಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಮಾರಂಭದಲ್ಲಿ ಫೋಟೋ ಹಿಡಿದು ಕೊಟ್ಟ ಗಾಲಿಕುರ್ಚಿ. ಅದರ ಮೇಲೆ ಅಡಿಕೆ ಗೋಣಿ. ಮುಂದಿನ ಸಣ್ಣ ಗಾಲಿಗಳಿಗೆ ತುಕ್ಕು. ಅಂಗಳದಿಂದ ಕೆಳಕ್ಕೆ ಮುರಕಲ್ಲಿನ ಮೆಟ್ಟಿಲು, ಅದು ಮುಗಿದಲ್ಲಿ ತೋಡಿಗೆ ಎರಡು ಅಡಿಕೆಮರ ಹಾಕಿದ ಕಾಲುಸಂಕ. ಆ ಮನೆಯ ಹುಡುಗನ ತೋಳು ನೋಡಿದೆ: ನೆಲದ ಮೇಲೆ ಮೈಯೆಳೆದೂ ಎಳೆದೂ ಹುರಿಗಟ್ಟಿದ ತೋಳು. “ಮೊದಲೆಲ್ಲ ಶಾಲೆಗೆ ಎತ್ತಿಕೊಂಡು ಹೋಗ್ತಿದ್ದೆ, ಈಗ ನನ್ನಿಂದ ಆಗುದಿಲ್ಲ” ಅಂದರು ಅವನಮ್ಮ.

ಇದು ಬೇರೆಯವರ ಮನೆಯ ಮಾತು ಎನ್ನುವ ಹಾಗೂ ಇಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರುತೋಪುಗಳ ಮೇಲೆ ಸರ್ಕಾರಿ ನಿಗಮವೇ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದ ನೆಲವಿದು. ಆ ವಿಷದಿಂದ ಹಾಸಿಗೆ ಹಿಡಿದ ಮಕ್ಕಳೆಲ್ಲ ಓಡಲಾರರು, ಬಲ್ಲೆ. ಆದರೆ ಹೊಸ್ತಿಲು ದಾಟಿ ಹೊರಗಿನ ಬಿಸಿಲು ಕಾಣುವ ಹಕ್ಕು ಅವರಿಗೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ನಿಯಮ ಬಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳಿಗೆಲ್ಲ ಗಾಲಿ ಹತ್ತಬೇಕಿತ್ತು. ಆ ಗಡುವು 2022ಕ್ಕೇ ಮುಗಿದಿದೆ.

ಜಗಲಿಯ ಆ ಕುರ್ಚಿ ಓಟಕ್ಕಲ್ಲ; ಓಟದ ಗಾಲಿಕುರ್ಚಿಯೇ ಬೇರೆ. ಮೂರು ಗಾಲಿ, ಮುಂದಕ್ಕೆ ಚಾಚಿದ ಉದ್ದ ಮೂತಿ, ಓರೆಯಾಗಿ ನಿಂತ ಹಿಂದಿನ ಗಾಲಿಗಳು. ದಪ್ಪ ಕೈಗವಸು ತೊಟ್ಟು ರಿಮ್ಮಿಗೆ ಗುದ್ದಿ ಗುದ್ದಿ ಓಡಿಸಬೇಕು. ಬೆಲೆ ಲಕ್ಷಗಳ ಲೆಕ್ಕ. ಕಂಬಳದ ಒಂದು ಜೋಡಿ ಕೋಣ ಸಾಕುವ ಖರ್ಚು ಬಲ್ಲ ಊರಿಗೆ ಇದು ಭಾರವೇ?

ಕಂಬಳ ಸಮಿತಿಯವರೇ, ಮೂರೂ ತಾಲೂಕು ಸೇರಿ ಅಂಥ ಒಂದೇ ಒಂದು ಕುರ್ಚಿ ಕೊಳ್ಳೋಣ. ಮೂಡುಬಿದಿರೆಯ ಸ್ವರಾಜ್ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ವಾರಕ್ಕೊಂದು ಬೆಳಿಗ್ಗೆ ಅದಕ್ಕೆಂದು ಬಿಡಿಸಿಕೊಳ್ಳೋಣ. ಪಂಚಾಯತು ಸದಸ್ಯರೇ, ಆ ಕಾಲುಸಂಕದ ಜಾಗಕ್ಕೆ ಗಾಲಿ ದಾಟುವಷ್ಟು ಅಗಲದ ಕಾಂಕ್ರೀಟು ಹಾಕಿಸಿ. ಕ್ರೀಡಾಕೂಟದ ಪಟ್ಟಿ ಬರೆಯುವ ದೈಹಿಕ ಶಿಕ್ಷಕರೇ, ಈ ವರ್ಷ ಒಂದು ಸಾಲು ಹೆಚ್ಚು ಬರೆಯಿರಿ: 100 ಮೀಟರ್, ಗಾಲಿಕುರ್ಚಿ. ಒಬ್ಬನೇ ಬಂದರೂ ಸುಣ್ಣದ ಗೆರೆ ಎಳೆದು ವಿಸಿಲ್ ಊದಿ.